ಹಿಂದಿನ ಸಾಲಿನ ಎರಡು ಚೀಟಿ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುವವರು ನನ್ನನ್ನು ಧೈರ್ಯವಂತೆ ಎಂದು ತಿಳಿದುಕೊಳ್ಳುವ ಅಪಾಯವಿದೆ. ನೈರೋಬಿಗೆ ಬಂದು ಇಷ್ಟು ವರ್ಷಗಳಾದರೂ, ಓಡುವ ಮಟಾಟು ವ್ಯಾನಿನ ಬಾಗಿಲಿಗೆ ಜೋತುಬಿದ್ದ ಕಂಡಕ್ಟರನನ್ನು ಕಂಡರೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಇಮಿಗ್ರೇಷನ್ ಕಚೇರಿಯ ಕಟ್ಟಡ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ನನ್ನ ಗಂಡನಿಗೆ ಇದು ತಮಾಷೆ. "ಅಲ್ವೇ, ಬಿಲ್ಡಿಂಗ್ ಬಂದು ಕಚ್ಚತ್ತಾ?" ಎನ್ನುತ್ತಾರೆ. ಕಚ್ಚುತ್ತದೆ. ನಾವು ಮೂವರು ಈ ಊರಿನಲ್ಲಿ ಇರುವುದೇ ನನ್ನ ಕೆಲಸದ ಪರ್ಮಿಟ್ಟಿನ ಮೇಲೆ. ಗಂಡ ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ನನಗೋಸ್ಕರ ಕೆಲಸ ಬಿಟ್ಟು ಬಂದು ಇಲ್ಲಿ ಅಡುಗೆ ಕಲಿತರು. ಮಗಳು ಮೆಡಿಕಲ್ ಓದಿನ ಕೊನೆಯ ವರ್ಷದಲ್ಲಿದ್ದಾಳೆ. ನನ್ನ ಕೆಲಸ ಹೋದರೆ ಸೌತ್ ಬಿ ಬಡಾವಣೆಯ ಮನೆಗೆ ಬೀಗ ಹಾಕಿ, ಅವಳ ಓದನ್ನು ಅರ್ಧಕ್ಕೆ ನಿಲ್ಲಿಸಿ ಹೊರಡಬೇಕು. ಹೆದರುವುದಕ್ಕೆ ಇಷ್ಟು ಸಾಲದೇ?

ಕೆಲಸ ಏನೆಂದು ಹೇಳಬೇಕು. ಈ ಭಾಗದ ಕೆಲವು ದೇಶಗಳು ಮುಂದೊಂದು ದಿನ ಒಂದೇ ಹಣವನ್ನು ಚಲಾವಣೆಗೆ ತರಬೇಕೆಂದು ಬಹಳ ಕಾಲದಿಂದ ಮಾತಾಡುತ್ತಿವೆ. ಹಣ ಒಂದಾಗಬೇಕಾದರೆ ಎಲ್ಲರ ಖರ್ಚೂ ಒಂದು ಅಳತೆಯಲ್ಲಿರಬೇಕು. ಒಂದು ದೇಶ ಕೈಮೀರಿ ಸಾಲ ಮಾಡಿದರೆ ಅದರ ಬಿಸಿ ಪಕ್ಕದ ದೇಶದ ಅಕ್ಕಿಯ ಬೆಲೆಗೆ ತಟ್ಟುತ್ತದೆ. ಹಾಗಾಗಿ ಎಲ್ಲ ದೇಶಗಳ ದೊಡ್ಡವರು ಕೂತು ಒಂದು ಸಮನ್ವಯ ಸಭೆ ನಡೆಸುತ್ತಾರೆ. ಈ ವರ್ಷ ಯಾರು ಎಲ್ಲಿ ಕೈ ಬಿಗಿ ಹಿಡಿಯಬೇಕು ಎಂದು ಅಲ್ಲಿ ಸಲಹೆ ತಯಾರಾಗುತ್ತದೆ. ರಿವರ್‌ಸೈಡಿನಲ್ಲಿರುವ ನಮ್ಮ ಕಚೇರಿ ಆ ಸಭೆಗೆ ಲೆಕ್ಕಪತ್ರ ಒದಗಿಸುತ್ತದೆ. ಸಲಹೆಗೆ ಸಹಿ ಬೀಳುವ ಮೊದಲು ಅದನ್ನು ಇಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಇಡಬೇಕು. ಜನ ಆರಿಸಿ ಕಳಿಸಿದವರು ಪ್ರಶ್ನೆ ಕೇಳಬೇಕು, ನಾವು ಉತ್ತರ ಕೊಡಬೇಕು, ಬೇಕಾದವರು ಬಂದು ಹಿಂದೆ ಕೂತು ಕೇಳಿಸಿಕೊಳ್ಳಬಹುದು. ನಿಯಮದಲ್ಲಿ ಒಂದು ಕೊರತೆಯೂ ಇಲ್ಲ.

ಆದರೆ ಉತ್ತರ ಗೊತ್ತಿರುವವರು ಉತ್ತರ ಹೇಳುವುದಿಲ್ಲ. ಅದು ಅಲ್ಲಿನ ಪದ್ಧತಿ. ಮೈಕಿನ ಮುಂದೆ ನಮ್ಮ ನಿರ್ದೇಶಕರು ಕೂರುತ್ತಾರೆ, ಅವರ ಬೆನ್ನ ಹಿಂದಿನ ಸಾಲಿನಲ್ಲಿ ನಾವು. ಪ್ರಶ್ನೆ ಬಂದ ಕೂಡಲೇ ನಾವು ಒಂದು ಚೀಟಿಯಲ್ಲಿ ಉತ್ತರ ಗೀಚಿ ಅವರ ಭುಜದ ಪಕ್ಕದಿಂದ ದಾಟಿಸುತ್ತೇವೆ. ಅವರು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುವ ನೆಪದಲ್ಲಿ ಅದನ್ನು ಓದಿಕೊಂಡು, ಆಗಲೇ ನೆನಪಾದವರಂತೆ ಮಾತಾಡುತ್ತಾರೆ. ನಿರ್ದೇಶಕರು ಕೆಟ್ಟವರಲ್ಲ. ಡಾಕ್ಟರೇಟ್ ಇರುವುದರಿಂದ ನನ್ನನ್ನು ಸ್ವಾಹಿಲಿಯಲ್ಲಿ 'ದಕ್ತಾರಿ' ಎಂದು ಕರೆಯುತ್ತಿದ್ದರು. ಒಮ್ಮೆ ನನ್ನ ಪರ್ಮಿಟ್ ತಡವಾದಾಗ ಅವರೇ ಖುದ್ದಾಗಿ ಓಡಾಡಿದ್ದರು. ಆ ಉಪಕಾರದ ನೆನಪೂ ನನ್ನ ಹೆದರಿಕೆಯ ಒಂದು ಭಾಗವೇ ಆಗಿತ್ತು.

ಚೀಟಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಆ ಕಚೇರಿಯಲ್ಲಿ ಇರಲಿಲ್ಲ. ಎರಡು ಸಾಲು ದಾಟಬಾರದು, 'ಇಲ್ಲ' ಎಂಬ ಪದ ಬರಬಾರದು, ದಿನಾಂಕ ಕೇಳಿದರೆ ಪ್ರಕ್ರಿಯೆಯ ಬಗ್ಗೆ ಹೇಳಬೇಕು. ಇದೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಆದರೆ ನನ್ನದೊಂದು ಹಳೆಯ ಅಭ್ಯಾಸವಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಮೈಸೂರಿನ ಕಾಲೇಜಿಗೆ ಸೇರಿದ ನಮ್ಮಂಥವರು, ಪರೀಕ್ಷೆಯಲ್ಲಿ ಇಂಗ್ಲಿಷಿನ ಪ್ರಶ್ನೆ ಕಂಡರೆ ಮೊದಲು ಉತ್ತರವನ್ನು ಕನ್ನಡದಲ್ಲಿ ಪೆನ್ಸಿಲಿನಿಂದ ಬದಿಯಲ್ಲಿ ಗೀಚಿಕೊಂಡು, ಆಮೇಲೆ ಇಂಗ್ಲಿಷಿಗೆ ಇಳಿಸುತ್ತಿದ್ದೆವು. ಕೈಗೆ ಹತ್ತಿದ ಆ ಚಾಳಿ ಹೋಗಲೇ ಇಲ್ಲ. ಸಮಿತಿಯ ಕೋಣೆಯಲ್ಲೂ ನಾನು ಎರಡು ಚೀಟಿ ಬರೆಯುತ್ತಿದ್ದೆ. ಮೊದಲು ನನಗೋಸ್ಕರ ಕನ್ನಡದಲ್ಲಿ, ನಿಜ ಏನಿದೆಯೋ ಅದು. ಆಮೇಲೆ ಅವರಿಗೋಸ್ಕರ ಇಂಗ್ಲಿಷಿನಲ್ಲಿ, ಹೇಳಬಹುದಾದದ್ದು. ಕನ್ನಡದ್ದನ್ನು ಮಡಿಸಿ ಪರ್ಸಿಗೆ ಹಾಕಿಕೊಂಡು ಮನೆಗೆ ತಂದು ಒಲೆಗೆ ಹಾಕುತ್ತಿದ್ದೆ. ಯಾರಿಗೂ ಓದಲು ಬಾರದ ಲಿಪಿಯಲ್ಲಾದರೂ ನಿಜ ಬರೆದಿದ್ದೇನಲ್ಲ ಎಂದು ನನಗೆ ಸಮಾಧಾನವಿತ್ತು.

ಆ ವರ್ಷ ಸಮನ್ವಯ ಸಭೆ ಊರಾಚೆಯ ಒಂದು ಹೋಟೆಲಿನಲ್ಲಿ ಬಾಗಿಲು ಹಾಕಿಕೊಂಡು ನಡೆಯಿತು. ನಡಾವಳಿ ಬರೆದುಕೊಳ್ಳಲು ಹೋದವಳು ನಾನು. ಊಟದ ಹೊತ್ತಿಗೆ ಎಲ್ಲರಿಗೂ ಹಸಿವಾಗಿತ್ತು, ವಿಮಾನ ಹಿಡಿಯುವ ಅವಸರ ಬೇರೆ. "ಸಮಿತಿಯ ಅಭಿಪ್ರಾಯ ಹೇಗೂ ಬರುತ್ತದೆ, ಸಹಿ ಈಗಲೇ ಹಾಕಿಬಿಡೋಣ" ಎಂದು ಯಾರೋ ಅಂದರು. ಪೆನ್ನು ಕೈಯಿಂದ ಕೈಗೆ ಹೋಯಿತು. ನಾಲ್ಕು ದೇಶದ ಜನರ ಖರ್ಚುವೆಚ್ಚ ಬೇಳೆ ಬೇಯುವಷ್ಟು ಹೊತ್ತಿನಲ್ಲಿ ತೀರ್ಮಾನವಾಯಿತು. ಈ ದೇಶದ ಪಾಲಿಗೆ ಬಂದ ಸಲಹೆಯಲ್ಲಿ ಒಂದು ಸಾಲು ಹೀಗಿತ್ತು: ಸರ್ಕಾರಿ ಆಸ್ಪತ್ರೆಗಳ ಹೊಸ ನೇಮಕಾತಿಯನ್ನು ಮುಂದೂಡುವುದು. ಅದನ್ನೂ ನಡಾವಳಿಯಲ್ಲಿ ಬರೆದುಕೊಂಡೆ. ಯಾರನ್ನೂ ಕೇಳದೆ ಸಹಿ ಹಾಕಿದ್ದನ್ನು ಇನ್ನು ಮೇಲೆ ಕೇಳುವ ನಾಟಕ ಆಡಬೇಕು, ಆ ನಾಟಕಕ್ಕೆ ಮಾತು ಬರೆದುಕೊಡಬೇಕಾದವಳು ನಾನೇ.

ಆ ವಾರ ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ತಾನಾಗಿಯೇ ವಿಷಯ ತೆಗೆದಳು. ಸಮಿತಿಯ ಸಭೆ ಇದೆಯೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು. ಅವಳ ಸೀನಿಯರ್ ಒಬ್ಬಳು ಡಾಕ್ಟರಾಗಿ ಪಾಸಾಗಿ, ಪೋಸ್ಟಿಂಗ್ ಬಾರದೆ, ಪಂಗಾನಿಯಲ್ಲಿ ಅಣ್ಣನ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಿದ್ದಳು. ಇನ್ನೂ ಎಷ್ಟೋ ಜನ ಹಾಗೇ ಕಾಯುತ್ತಿದ್ದರು.

"ಅಮ್ಮಾ, ಹೂ ಡಿಸೈಡ್ಸ್ ದಿಸ್?" ಎಂದು ಕೇಳಿದಳು. ಇಲ್ಲಿ ಬೆಳೆದ ಹುಡುಗಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಒಂದಕ್ಷರ ಓದಲು ಬಾರದು, ಉತ್ತರವೆಲ್ಲ ಇಂಗ್ಲಿಷಿನಲ್ಲೇ.

"ಸಮಿತಿಯವ್ರು ಕೇಳ್ತಾರೆ, ನಾವು ಹೇಳ್ತೀವಿ. ಅದಕ್ಕೊಂದು ಪ್ರೊಸೀಜರ್ ಇದೆ" ಎಂದೆ.

"ಬಟ್ ಹೂ?"

"ಊಟ ಮಾಡೋವಾಗ ಆಫೀಸು ಯಾಕಮ್ಮ?" ಎಂದು ಗಂಡ ಸಾರು ಬಡಿಸಿದರು. ನನ್ನ ಮುಖ ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಪಾತ್ರೆ ತೊಳೆಯುವಾಗ ಮೆಲ್ಲಗೆ, "ಏನೇ ಇರ್ಲಿ, ಇನ್ನೊಂದ್ ವರ್ಷ ತಲೆ ತಗ್ಗಿಸ್ಕೊಂಡು ಇದ್ಬಿಡು. ಅವಳದೊಂದು ಮುಗೀಲಿ" ಎಂದರು. ನಾನು ತಲೆ ಎತ್ತಿದ್ದು ಯಾವಾಗ ಎಂದು ಕೇಳಬೇಕೆನಿಸಿತು.

ಅದು ಊರಿಗೆ ಊರೇ ಪಿಸುಮಾತಾಡುತ್ತಿದ್ದ ಕಾಲ. ತೆರಿಗೆಯ ವಿರುದ್ಧ ಬೀದಿಗಿಳಿದ ಹುಡುಗರಲ್ಲಿ ಕೆಲವರನ್ನು ಯಾರೋ ಕಾರಿನಲ್ಲಿ ಕೂರಿಸಿಕೊಂಡು ಹೋದರಂತೆ ಎಂದು ಎಲ್ಲರ ಬಾಯಲ್ಲೂ ಇತ್ತು. ಒಂದು ಬೆಳಿಗ್ಗೆ ನಮ್ಮ ಗೇಟಿನೆದುರು ಬಿಳಿ ಕಾರೊಂದು ನಿಂತಿತು. ಒಳಗೆ ಇಬ್ಬರು ಗಂಡಸರು. ನಾನು ಪರದೆಯ ಹಿಂದೆ ನಿಂತು ನೋಡಿದೆ. ಮಗಳಿಗೆ ಕಾಲೇಜಿಗೆ ಹೋಗಬೇಡ ಎಂದೆ. ಅವಳು ಗೊಣಗುತ್ತಾ ಬ್ಯಾಗು ಕೆಳಗಿಟ್ಟಳು. ಕೊನೆಗೆ ಗಂಡ ಚಪ್ಪಲಿ ಮೆಟ್ಟಿಕೊಂಡು ಹೋಗಿ ವಿಚಾರಿಸಿಕೊಂಡು ಬಂದರು. ಎದುರು ಫ್ಲಾಟಿನ ಹೆಂಗಸು ಡ್ರೈವಿಂಗ್ ಕಲಿಯುತ್ತಿದ್ದಳು, ಕಲಿಸುವವರು ಕಾಯುತ್ತಿದ್ದರು. ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮರುದಿನ ಅದೇ ಕಾರು ಬಂದಾಗ ಮತ್ತೆ ಪರದೆಯ ಹಿಂದೆ ಹೋಗಿ ನಿಂತೆ.

ಸಮಿತಿಯ ದಿನ ಹೊರಡುವಾಗ ಮಗಳು ಇನ್ನೂ ಸ್ನಾನದ ಮನೆಯಲ್ಲಿದ್ದಳು. ಕೋಣೆ ತುಂಬಿತ್ತು. ಹಿಂದಿನ ಬೆಂಚುಗಳಲ್ಲಿ ಹುಡುಗ ಹುಡುಗಿಯರು ಬಹಳ ಇದ್ದರು, ಫೋನು ಎತ್ತಿ ಹಿಡಿದಿದ್ದವರೂ ಇದ್ದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ನೇರವಾಗಿ ಹೋಗಿ ನಿರ್ದೇಶಕರ ಬೆನ್ನ ಹಿಂದೆ ಕೂತೆ.

ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ರಾಜಕೀಯಕ್ಕೆ ಬರುವ ಮೊದಲು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಕನ್ನಡಕದ ಮೇಲಿನಿಂದ ನೋಡುತ್ತಿದ್ದರು, ಅವಸರವೇ ಇರಲಿಲ್ಲ. ಬೇರೆ ಸದಸ್ಯರು ದೊಡ್ಡ ದೊಡ್ಡ ಪ್ರಶ್ನೆ ಕೇಳಿದರು, ನಿರ್ದೇಶಕರು ನನ್ನ ಚೀಟಿಗಳಿಂದ ದೊಡ್ಡ ದೊಡ್ಡ ಉತ್ತರ ಕೊಟ್ಟರು. ಎಲ್ಲ ಸುಸೂತ್ರವಾಗಿ ಸಾಗುತ್ತಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಆಕೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಅಲ್ಲಿ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ನನ್ನದು ಒಂದೇ ಸಣ್ಣ ಪ್ರಶ್ನೆ. ಈ ಸಲಹೆಗೆ ಸಹಿ ಆಗಿದೆಯೋ, ನಮ್ಮನ್ನು ಕೇಳಿದ ಮೇಲೆ ಆಗುತ್ತದೆಯೋ?"

ನಿರ್ದೇಶಕರ ಕೈ ಎಂದಿನಂತೆ ಹಿಂದಕ್ಕೆ ಬಂತು, ಬೆರಳು ಆಡಿಸಿತು. ಮೊದಲ ಚೀಟಿಯಲ್ಲಿ ಕನ್ನಡದಲ್ಲಿ ಬರೆದೆ: "ಸಹಿ ಆಗಿಹೋಗಿದೆ. ಇವರನ್ನು ಕೇಳುವುದು ಬರೀ ಶಾಸ್ತ್ರಕ್ಕೆ." ಎರಡನೆಯದರಲ್ಲಿ ಇಂಗ್ಲಿಷಿನಲ್ಲಿ, ಸಮಾಲೋಚನೆ ಮುಂದುವರಿದಿದೆ ಎಂದು. ಅವಸರದಲ್ಲಿ ಪೆನ್ನು ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡೆ, ಚೀಟಿ ಮಡಿಸಿದೆ, ಅವರ ಬೆರಳಿಗೆ ಸಿಕ್ಕಿಸಿದೆ, ಉಳಿದದ್ದನ್ನು ಪರ್ಸಿಗೆ ತುರುಕಿದೆ.

ಅವರು ಕರವಸ್ತ್ರದ ಮರೆಯಲ್ಲಿ ಚೀಟಿ ಬಿಡಿಸಿದರು. ಹಣೆ ಒರೆಸಿದರು. ಮತ್ತೆ ಒರೆಸಿದರು. ಚೀಟಿಯನ್ನು ತಿರುಗಿಸಿ ತಲೆಕೆಳಗಾಗಿ ಹಿಡಿದರು. ಚೀಟಿ ಅದಲುಬದಲಾಗಿತ್ತು. ಪರ್ಸಿನಿಂದ ಇನ್ನೊಂದನ್ನು ತೆಗೆದು ನೋಡುವ ಅಗತ್ಯವೇ ಇರಲಿಲ್ಲ.

"ಏನಾದರೂ ತೊಂದರೆಯೇ?" ಎಂದರು ಅಧ್ಯಕ್ಷೆ.

ನಿರ್ದೇಶಕರು ಚುರುಕಿನ ಮನುಷ್ಯ. "ಮೇಡಂ, ನಮ್ಮ ದಕ್ತಾರಿ ದೇವರಿಗೆ ಮಾತ್ರ ಓದಲು ಬರುವ ಭಾಷೆಯಲ್ಲಿ ಉತ್ತರ ಕೊಟ್ಟಿದ್ದಾರೆ" ಎಂದು ಚೀಟಿಯನ್ನು ಎಲ್ಲರಿಗೂ ತೋರಿಸಿದರು. ಕೋಣೆಯೆಲ್ಲ ನಕ್ಕಿತು. ಆ ನಗುವಿನಲ್ಲಿ ಪ್ರಶ್ನೆ ತೇಲಿಹೋಗಲಿ ಎಂಬುದು ಅವರ ಲೆಕ್ಕ. ಅಧ್ಯಕ್ಷೆ ನಗಲಿಲ್ಲ.

"ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದಾಗ ಕ್ಲಾಸಿನಲ್ಲಿ ಚೀಟಿ ದಾಟಿಸುವವರನ್ನು ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಿದ್ದೆ. ಬರೆದವರು ಮುಂದೆ ಬರಲಿ."

ಆ ನಾಲ್ಕು ಹೆಜ್ಜೆ ನಾನು ಹೇಗೆ ನಡೆದೆನೋ ಗೊತ್ತಿಲ್ಲ. ನಿರ್ದೇಶಕರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಪಕ್ಕದಲ್ಲಿ ಬಗ್ಗಿ, "ನಿಮಗೆ ಗೊತ್ತಿದೆಯಲ್ಲ ಏನು ಓದಬೇಕೆಂದು" ಎಂದು ನಯವಾಗಿಯೇ ಪಿಸುಗುಟ್ಟಿದರು. ಗುಮಾಸ್ತ ಬಂದು ಸತ್ಯವನ್ನೇ ಹೇಳುವೆನೆಂದು ಪ್ರಮಾಣ ಮಾಡಿಸಿದ. ಮೊದಲು ಬರೆದ ಭಾಷೆಯಲ್ಲೇ ಓದಿ, ಆಮೇಲೆ ನಮಗೆ ತಿಳಿಯುವಂತೆ ಹೇಳಿ ಎಂದರು ಅಧ್ಯಕ್ಷೆ.

ಕನ್ನಡದಲ್ಲಿ ಓದಿದೆ. ವಿಚಿತ್ರವೆಂದರೆ ಸ್ವರ ನಡುಗಲಿಲ್ಲ. ಮೈಕಿನಲ್ಲಿ ನನ್ನ ಮೈಸೂರಿನ ಕನ್ನಡ ಆ ದೊಡ್ಡ ಕೋಣೆಯ ತುಂಬ ಕೇಳಿಸಿತು. 'ಸಹಿ ಆಗಿಹೋಗಿದೆ. ಇವರನ್ನು ಕೇಳುವುದು ಬರೀ ಶಾಸ್ತ್ರಕ್ಕೆ.' ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ, ಯಾರಿಗೂ ತಿಳಿಯಲಿಲ್ಲ. ನಾನು ಬದುಕಿಕೊಂಡೆ ಎನಿಸಿತು. ಈಗ ಇಂಗ್ಲಿಷಿನಲ್ಲಿ ಏನು ಬೇಕಾದರೂ ಹೇಳಬಹುದು. ಪರ್ಸಿನಲ್ಲಿದ್ದ ವಾಕ್ಯ ನಾಲಗೆಯ ತುದಿಗೇ ಬಂದಿತ್ತು. ಆದರೂ ಪ್ರಮಾಣ ಮಾಡಿದ ಬಾಯಿ ಒಂದು ಗಳಿಗೆ ತಡೆಯಿತು. ಹೆಡ್‌ಮಿಸ್ಟ್ರೆಸ್ ಕಣ್ಣಿಗೆ ಅದು ಬಿತ್ತು.

"ಈ ಕೋಣೆಯಲ್ಲಿ ಈ ಭಾಷೆ ಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ?" ಎಂದು ಕೇಳಿದರು.

ಇರುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ದೂರದಲ್ಲಿ ಬೆಂಚು ಕಿರುಗುಟ್ಟಿತು.

"ಐ ಡೂ, ಮೇಡಂ. ಐ ಅಂಡರ್‌ಸ್ಟ್ಯಾಂಡ್ ಇಟ್."

ಆ ಧ್ವನಿ ಗುರುತಿಸಲು ನಾನು ತಿರುಗಬೇಕಾಗಿರಲಿಲ್ಲ. ಆದರೂ ತಿರುಗಿದೆ. ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡು, ಗೆಳತಿಯರ ನಡುವೆ, ನನ್ನ ಮಗಳು ನಿಂತಿದ್ದಳು. ಎಲ್ಲ ಫೋನುಗಳೂ ಅವಳ ಕಡೆ ತಿರುಗಿದವು. ಗೋಡೆಗೆ ಒರಗಿ ನಿಂತಿದ್ದ ಇಬ್ಬರು ಗಂಡಸರು ಅವಳನ್ನೇ ನೋಡಿದರು, ಅವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಧ್ಯಕ್ಷೆ, "ಒಳ್ಳೆಯದು. ಮೊದಲು ನಿನ್ನ ಹೆಸರು ಹೇಳಮ್ಮ" ಎಂದರು. ಗುಮಾಸ್ತ ಪೆನ್ನು ಎತ್ತಿದ. ಮಗಳು ಬಾಯಿ ತೆರೆದಳು.

ಹೆಸರು ಹೇಳಿದರೆ ಮುಗಿಯಿತು. ಕಡತದಲ್ಲಿ ಅವಳ ಹೆಸರು, ಫೋನುಗಳಲ್ಲಿ ಅವಳ ಮುಖ. ಪರ್ಮಿಟ್ಟು, ನೌಕರಿ, ನಿರ್ದೇಶಕರ ಉಪಕಾರ, ಎಲ್ಲ ಆ ಕ್ಷಣಕ್ಕೆ ನನ್ನ ತಲೆಯಿಂದ ಅಳಿಸಿಹೋದವು. ನಾನು ಮೈಕಿನಲ್ಲೇ ಕಿರುಚಿದೆ.

"ಕೂತ್ಕೊಳೇ! ಬಾಯ್ ಮುಚ್ಕೊಂಡು ಕೂತ್ಕೋ!"

ಕೋಣೆ ಬೆಚ್ಚಿಬಿತ್ತು. ಅವಳು ಕೂತಳು, ಚಿಕ್ಕವಳಿದ್ದಾಗ ಕೂರುತ್ತಿದ್ದ ಹಾಗೆ, ದುಡುಮ್ಮನೆ. ನಾನು ಅಧ್ಯಕ್ಷೆಯ ಕಡೆ ತಿರುಗಿ ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಸಹಿ ಆಗಿದೆ. ಇಲ್ಲಿಗೆ ಬರುವ ಮೊದಲೇ ಆಗಿದೆ. ನಿಮ್ಮನ್ನು ಕೇಳುವುದು ಬರೀ ಶಾಸ್ತ್ರಕ್ಕೆ. ಚೀಟಿಯಲ್ಲಿ ಬರೆದಿರುವುದು ಇಷ್ಟೇ, ಸಹಿ ಹಾಕುವಾಗ ನಾನು ಅಲ್ಲೇ ಕೂತಿದ್ದೆ, ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದರು. "ಆ ಹುಡುಗಿಗೆ ಏನು ಹೇಳಿದಿರಿ?"

"ಕೂತುಕೋ ಎಂದೆ."

"ಅವಳು ನಿಮ್ಮವಳೇ?"

"ಅಲ್ಲ" ಎಂದೆ. "ನನಗೆ ಅವಳ ಪರಿಚಯವಿಲ್ಲ."

ಪ್ರಮಾಣ ಮಾಡಿ ಕೂತು ನಾನು ಹೇಳಿದ ಸುಳ್ಳು ಅದೊಂದೇ. ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಹುಡುಗಿಯ ಹೆಸರು ಬೇಡ" ಎಂದು ಗುಮಾಸ್ತನಿಗೆ ಹೇಳಿ, ನನಗೆ ಹೋಗಬಹುದೆಂದು ಕೈ ತೋರಿಸಿದರು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಸಮಿತಿ ಆ ಸಲಹೆಯನ್ನು ವಾಪಸು ಕಳಿಸಿತು, ಮತ್ತೆ ಮೊದಲಿನಿಂದ ವಿಚಾರಣೆಯಾಗಬೇಕು ಎಂದಿತು. ಆಸ್ಪತ್ರೆಯ ಆ ಸಾಲು ಉಳಿಯುತ್ತದೋ ಅಳಿಯುತ್ತದೋ ಇನ್ನೂ ಗೊತ್ತಿಲ್ಲ. ನಿರ್ದೇಶಕರು ನನ್ನನ್ನು ದಕ್ತಾರಿ ಎಂದು ಕರೆಯುವುದನ್ನು ಬಿಟ್ಟಿದ್ದಾರೆ, ಕರೆಯುವುದನ್ನೇ ಬಿಟ್ಟಿದ್ದಾರೆ. ಕಾಂಟ್ರಾಕ್ಟ್ ಮುಗಿಯಲು ಕೆಲವು ತಿಂಗಳಿವೆ, ಮುಂದಿನದರ ಬಗ್ಗೆ ಯಾರೂ ಏನೂ ಹೇಳಿಲ್ಲ. ಗೇಟಿನ ಬೆಲ್ ಆದರೆ ನಾನು ಈಗಲೂ ಮೊದಲು ಪರದೆಯ ಹತ್ತಿರ ಹೋಗುತ್ತೇನೆ. ಗಂಡ ಈಗ ನಗುವುದಿಲ್ಲ. ಅವರೂ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ.

ಆದರೆ ನನ್ನ ನೆನಪಿಗೆ ಮತ್ತೆ ಮತ್ತೆ ಬರುವುದು ಆ ಸಂಜೆ. ಕಚೇರಿಯ ಕಾರು ನನಗೆ ಕಾದಿರಲಿಲ್ಲ. ಮಟಾಟು ನಿಲ್ಲುವ ಜಾಗಕ್ಕೆ ನಡೆದೆ. ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸುತ್ತಿತ್ತು, ತಿರುಗಿ ನೋಡಲಿಲ್ಲ. ಹೆಜ್ಜೆ ಹತ್ತಿರವಾಯಿತು, ಪಕ್ಕಕ್ಕೇ ಬಂತು.

"ಆಂಟಿ, ಸೌತ್ ಬಿ ಮಟಾಟು ಎಲ್ಲಿ ನಿಲ್ಲುತ್ತೆ?"

ಕನ್ನಡದಲ್ಲಿ. ಎಷ್ಟು ವರ್ಷದ ಮೇಲೆ ಮಗಳ ಬಾಯಲ್ಲಿ ಒಂದು ಪೂರ್ತಿ ಕನ್ನಡ ವಾಕ್ಯ! ತಮಾಷೆ ಮಾಡುತ್ತಿದ್ದಳು, ಆದರೆ ಕಣ್ಣು ಕೆಂಪಗಿತ್ತು. ನನಗೆ ಅಲ್ಲೇ ರಸ್ತೆಯಲ್ಲಿ ಅವಳನ್ನು ತಬ್ಬಿಕೊಂಡು ಅಳಬೇಕೆನಿಸಿತು. ತಬ್ಬಿಕೊಳ್ಳಲಿಲ್ಲ. ಸುತ್ತ ಜನರಿದ್ದರು, ಯಾರು ಯಾರೆಂದು ಹೇಗೆ ಹೇಳುವುದು? "ದೂರ ಕೂತ್ಕೋ. ಮಾತಾಡಿಸ್ಬೇಡ" ಎಂದೆ, ತುಟಿ ಅಲುಗದ ಹಾಗೆ. ಅವಳು ತಲೆಯಾಡಿಸಿ ಮೊದಲು ಹತ್ತಿದಳು, ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ. ಅವಳ ಜಡೆಯೊಂದೇ ನನಗೆ ಕಾಣುತ್ತಿತ್ತು. ಬೆಳಿಗ್ಗೆ ಅವಸರದಲ್ಲಿ ಹಾಕಿಕೊಂಡದ್ದು, ಬಿಚ್ಚಿಹೋಗುತ್ತಿತ್ತು.

ವ್ಯಾನು ಹೊರಟಿತು. ಹಾಡಿನ ಗದ್ದಲ, ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಅವನು ಒಳಗೆ ಬಂದು ಚಾರ್ಜಿಗೆ ಕೈ ಚಾಚಿ, ಒಬ್ಬರೇ ತಾನೇ ಎನ್ನುವಂತೆ ಒಂದು ಬೆರಳು ತೋರಿಸಿದ. ವ್ಯಾನಿನ ತುಂಬ ಜನ.

"ವಾವಿಲಿ" ಎಂದೆ. ಇಬ್ಬರು. ಮುಂದಿನ ಸೀಟಿನ ಜಡೆಯನ್ನು ತೋರಿಸಿ, ಅವನು ಕೇಳದಿದ್ದರೂ, ಅವಳು ನನ್ನ ಮಗಳು ಎಂದು ಗಟ್ಟಿಯಾಗಿ ಹೇಳಿದೆ.